ನಾನು ತಿನ್ನದ ರುಚಿ

ಇಂಥ ಕತೆಗಳನ್ನು ನಾನು ನಂಬುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೋರ್ಟಿನಲ್ಲಿ ಆಯುಷ್ಯ ಸವೆಸಿದವನು ನಾನು. ಯಾರಾದರೂ ಬಂದು ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡೆ ಎಂದರೆ, ಎಷ್ಟು ದೂರದಿಂದ ಕಂಡೆ, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಅದಕ್ಕೆ ಮೊದಲು ಎಲ್ಲಿ ಕುಳಿತು ಏನು ಕುಡಿದಿದ್ದೆ ಎಂದು ಕೇಳುವುದು ನನಗೆ ಚಟ. ಈ ಚಟದಿಂದಾಗಿ ನೆಂಟರ ಮನೆಗಳಲ್ಲಿ ದೆವ್ವದ ಕತೆ ಹೇಳುವವರು ನಾನು ಒಳಗೆ ಬಂದ ಕೂಡಲೇ ಮಳೆ ಬೆಳೆಯ ಮಾತು ತೆಗೆಯುತ್ತಿದ್ದರು. ಅಂಥವನಿಗೆ ಹಾಡಹಗಲು, ಇಬ್ಬರು ಓದಿದ ಮನುಷ್ಯರ ಎದುರಿಗೆ, ಒಂದು ಅನುಭವವಾಯಿತು. ಅದರ ಬಗ್ಗೆ ನನ್ನನ್ನು ನಾನೇ ಎಷ್ಟೋ ಸಲ ಪಾಟಿಸವಾಲಿಗೆ ಒಳಪಡಿಸಿದ್ದೇನೆ. ಇವತ್ತಿಗೂ ಅದು ಬಗೆಹರಿದಿಲ್ಲ.

ನಾನು ಶಹಾಬಾದಿನ ಮುಸಲ್ಮಾನ ಮನೆಯವನು. ತಂದೆ ನೆಲಕ್ಕೆ ಹಾಸುವ ಪರ್ಶಿ ಕಲ್ಲಿನ ಗಣಿಯಲ್ಲಿ ಮುನ್ಷಿಯಾಗಿದ್ದರು. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಕಾನೂನು ಓದಿ ಬಂದು ನಾನು ಚಿತ್ತಾಪುರದಲ್ಲಿ ವಕೀಲಿ ಹಿಡಿದೆ. ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆಯ ನಂತರ ನನ್ನ ಜೊತೆಯವರು ಕೆಲವರು ಮನೆಗೆ ಬೀಗ ಹಾಕಿ ದೂರ ಹೋದರು. ಅಮ್ಮ ಮಾತ್ರ, ನಿನ್ನ ತಂದೆಯ ಗೋರಿ ಬಿಟ್ಟು ನಾನು ಈ ಸೀಮೆ ದಾಟುವುದಿಲ್ಲ, ನೀನು ಬೇಕಾದರೆ ಹೋಗು ಎಂದುಬಿಟ್ಟರು. ಅಮ್ಮನನ್ನು ಬಿಟ್ಟು ಹೋಗುವ ಧೈರ್ಯ ನನಗೆ ಇರಲಿಲ್ಲ. ಉಳಿದೆ. ಉಳಿದದ್ದಕ್ಕೆ ಎಂದೂ ಬೇಸರಪಟ್ಟಿಲ್ಲ.

ಡಾಕ್ಟರರ ಮೇಲಿನ ಮೊಕದ್ದಮೆಗಳು ನನ್ನ ಪಾಲಿಗೆ ಬಂದದ್ದು ಯೋಗಾಯೋಗ. ರಾವೂರಿನ ಕಲ್ಲು ಒಡೆಯುವವನೊಬ್ಬನ ಮುರಿದ ಕೈಗೆ ಒಬ್ಬ ಡಾಕ್ಟರರು ಪಟ್ಟಿ ಎಷ್ಟು ಬಿಗಿದಿದ್ದರೆಂದರೆ ಬೆರಳು ಕಪ್ಪಾಗಿ, ಕೊನೆಗೆ ಕೈಯನ್ನೇ ಕತ್ತರಿಸಬೇಕಾಯಿತು. ಆ ಮೊಕದ್ದಮೆ ನಾನು ನಡೆಸಿದೆ. ಆಗ ನಮ್ಮ ಕಡೆ ವೈದ್ಯವಿದ್ಯೆಯನ್ನೂ ಉರ್ದುವಿನಲ್ಲಿ ಕಲಿಸುತ್ತಿದ್ದರು. ಹೈದರಾಬಾದಿನ ಹಳೆ ಪುಸ್ತಕದಂಗಡಿಗಳಲ್ಲಿ ಆ ದಪ್ಪ ದಪ್ಪ ಪುಸ್ತಕಗಳು ಸಿಗುತ್ತಿದ್ದವು. ಅವನ್ನು ತಂದು ರಾತ್ರಿಯೆಲ್ಲ ಓದಿದೆ. ಓದಿದ್ದು ಸಾಲದೆಂದು ಪರಿಚಯದ ಕಾಂಪೌಂಡರನಿಂದ ನನ್ನ ಕೈಗೂ ಅಷ್ಟೇ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡೆ. ಬೆಳಗಾಗುವಷ್ಟರಲ್ಲಿ ನೋವಿಗೆ ಕೂಗುತ್ತಿದ್ದೆ. ಆದರೆ ಕೋರ್ಟಿನಲ್ಲಿ ಡಾಕ್ಟರರನ್ನು ಏನು ಕೇಳಬೇಕೆಂಬುದು ನನಗೆ ಪಕ್ಕಾ ಗೊತ್ತಾಗಿತ್ತು. ಮೊಕದ್ದಮೆ ಗೆದ್ದೆವು. ಅಂದಿನಿಂದ ಸೇಡಂ, ಚಿಂಚೋಳಿ, ವಾಡಿ ಎಲ್ಲ ಕಡೆಯಿಂದ ಜನ ‘ದವಾಖಾನಿ ವಕೀಲ್ರು ಎಲ್ಲಿರ್ತಾರ್ರಿ’ ಎಂದು ಕೇಳಿಕೊಂಡು ಬರತೊಡಗಿದರು. ನನಗೆ ಜ್ವರ ಬಂದರೆ ಮಾತ್ರ ಫಜೀತಿ. ನಮ್ಮೂರಿನ ಡಾಕ್ಟರರು ನನ್ನ ನಾಡಿ ಹಿಡಿಯುವ ಮೊದಲು ನನ್ನ ಮುಖ ನೋಡುತ್ತಿದ್ದರು.

ರೋಗಿ ಎಲ್ಲಿ ಮಲಗಿದ್ದನೋ ಅಲ್ಲಿ ನಾನೂ ಒಮ್ಮೆ ಮಲಗಬೇಕು, ಅವನು ಕಂಡದ್ದನ್ನು ಕಾಣಬೇಕು ಎಂಬುದು ಹೀಗೆ ನನ್ನ ಪದ್ಧತಿಯಾಯಿತು. ನಮ್ಮ ವಕೀಲರ ಸಂಘದಲ್ಲಿ ಕುಲಕರ್ಣಿ ವಕೀಲರೆಂದು ಹಿರಿಯರಿದ್ದರು. ‘ನಾಳೆ ಬಾಣಂತಿ ಕೇಸು ಬಂದರ ಏನು ಮಾಡ್ತೀರಿ?’ ಎಂದು ಎಲ್ಲರೆದುರು ಕಾಲೆಳೆಯುತ್ತಿದ್ದರು. ನನ್ನ ಬಹುಪಾಲು ಮೊಕದ್ದಮೆಗಳಲ್ಲಿ ಎದುರು ವಕೀಲರು ಅವರೇ. ಕೋರ್ಟಿನಲ್ಲಿ ಜಗಳ, ಹೊರಗೆ ಬಂದರೆ ಒಂದೇ ಬೆಂಚು.

ಈಗ ಈರಮ್ಮನ ವಿಷಯ. ಸೇಡಂ ತಾಲ್ಲೂಕಿನ ಆಡಕಿಗೆ ಕೊಟ್ಟ ಹೆಣ್ಣುಮಗಳು. ಲಿಂಗಾಯತರು, ಹೊಲ ಮನೆ ಇದ್ದವರು. ಗಂಡ ಶರಣಪ್ಪನಿಗೆ ಹರ್ನಿಯಾ ಆಗಿ, ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ವಾಡಿಯ ಒಂದು ಖಾಸಗಿ ದವಾಖಾನೆಯಲ್ಲಿ ಆಪರೇಶನ್ ಮಾಡಿಸಲು ಹೋದ. ಕ್ಲೋರೋಫಾರ್ಮ್ ಕೊಟ್ಟು ಮಲಗಿಸಿದ ಸ್ವಲ್ಪ ಹೊತ್ತಿಗೇ ವಾಂತಿಯಾಗಿ, ಅದು ಉಸಿರ್ನಾಳಕ್ಕೆ ಹೋಗಿ, ಮೇಜಿನ ಮೇಲೆಯೇ ಸತ್ತುಹೋದ. ಡಾಕ್ಟರ್ ಮಾಧವರಾಯರು ಹೊರಗೆ ಬಂದು, ಹೊಟ್ಟೆ ಖಾಲಿ ಇರಬೇಕೆಂದು ಹೇಳಿದ್ದರೂ ಹೆಂಡತಿ ಏನೋ ತಿನ್ನಿಸಿದ್ದಾಳೆ, ಅದರಿಂದಲೇ ಪ್ರಾಣ ಹೋಯಿತು ಎಂದು ಎಲ್ಲರೆದುರು ಹೇಳಿದರು. ಆ ಒಂದು ಮಾತು ಹೆಣಕ್ಕಿಂತ ಮೊದಲು ಆಡಕಿ ಮುಟ್ಟಿತು. ಅತ್ತೆ ಬಸಮ್ಮ ಸೊಸೆಯನ್ನು ಹೊಸ್ತಿಲು ತುಳಿಯಗೊಡಲಿಲ್ಲ. ಆಗತಾನೆ ಮಾತು ಕಲಿಯುತ್ತಿದ್ದ ಮೊಮ್ಮಗಳನ್ನು ಇಟ್ಟುಕೊಂಡು, ತಾಯಿಯನ್ನು ಸುಲೇಪೇಟೆಯ ತವರಿಗೆ ಅಟ್ಟಿದಳು.

ಈರಮ್ಮ ಅಣ್ಣನ ಜೊತೆ ನನ್ನ ಹತ್ತಿರ ಬಂದಾಗ ಕುರ್ಚಿಯ ಮೇಲೆ ಕೂಡಲಿಲ್ಲ. ಗೋಡೆಗೆ ಒರಗಿ ನಿಂತೇ ಹೇಳಿದಳು:

“ನನಗ ರೊಕ್ಕ ಬ್ಯಾಡ್ರಿ ವಕೀಲ ಸಾಬ್ರ. ನಾ ಅವರಿಗಿ ಉಣಿಸಿಲ್ಲ. ಹಂಗಂತ ಯಾರರೆ ಒಬ್ಬರು ದೊಡ್ಡವರು ಎಲ್ಲಾರ ಮುಂದ ಹೇಳ್ಬೇಕು. ನನ್ನ ಕೂಸು ನನಗ ಕೊಡಬೇಕು.”

“ಖರೇನೂ ಏನೂ ಉಣಿಸಿಲ್ಲೇನು ತಂಗಿ?” ಎಂದು ಕೇಳಿದೆ.

“ಲಿಂಗದಾಣಿ ಇಲ್ರಿ. ಹಿಂದಿನ ದಿನ ಸಂಜಿಯಿಂದ ಒಲಿ ಮ್ಯಾಲ ರೊಟ್ಟಿ ಹಂಚ ಇಟ್ಟಿಲ್ಲ. ಅವರು ಉಣ್ಣಲಾರದಾಗ ನಾ ಹ್ಯಾಂಗ ಉಣ್ಲಿ ಅಂತ ನಾನೂ ಉಪಾಸ ಇದ್ದೆ.”

ನಂಬಿದೆ. ಜನ ಸುಳ್ಳು ಹೇಳುವಾಗ ಮಾತು ಹೆಚ್ಚು ಬೆಳೆಸುತ್ತಾರೆ, ಇವಳು ಬೆಳೆಸಲಿಲ್ಲ. ಅಂದ ಮೇಲೆ ಡಾಕ್ಟರರು ಸುಳ್ಳು ಹೇಳುತ್ತಿದ್ದಾರೆ ಎಂದು ಲೆಕ್ಕ ಹಾಕಿದೆ. ಕ್ಲೋರೋಫಾರ್ಮ್ ಹೆಚ್ಚಾಗಿದೆ, ಅದನ್ನು ಮುಚ್ಚಲು ಊಟದ ನೆವ ತೆಗೆದಿದ್ದಾರೆ. ಈ ಆಧಾರದ ಮೇಲೆಯೇ ದಾವೆ ಹಾಕಿದೆವು. ಡಾಕ್ಟರರ ಪರವಾಗಿ ಕುಲಕರ್ಣಿಯವರು ನಿಂತರು. ಬಸಮ್ಮ ಅವರ ಕಡೆಯ ಸಾಕ್ಷಿ.

ವಿಚಾರಣೆಗೆ ಮುಂಚೆ ದವಾಖಾನೆಯನ್ನು ನೋಡಬೇಕೆಂದು ಕೇಳಿಕೊಂಡೆ. ಡಾಕ್ಟರರು ಮರುಮಾತಿಲ್ಲದೆ ಒಪ್ಪಿದರು, ಕುಲಕರ್ಣಿಯವರೂ ಜೊತೆಗೆ ಬಂದರು. ಆಗ ರಮಜಾನ್ ನಡೆಯುತ್ತಿತ್ತು. ಮುಂಗಾರಿನ ಮಿರುಗದ ಮಳೆಗೆ ಜನ ಕಾಯುತ್ತಿದ್ದ ದಿನಗಳು. ವಾಡಿಯ ಸ್ಟೇಷನ್ನಿನಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ಕಲ್ಲು ಚಪ್ಪಲಿಯೊಳಗಿಂದ ಸುಡುತ್ತಿತ್ತು. ನಾನು ರೋಜಾ ಉಪವಾಸ ಇದ್ದೆ. ನಸುಕಿನಲ್ಲಿ ಖಿಚಡಿ, ಹುಣಸೆ ಹುಳಿ ತಿಂದು ನೀರು ಕುಡಿದದ್ದು ಬಿಟ್ಟರೆ ಬಾಯಿಗೆ ಏನೂ ಬಿದ್ದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಒಣ ತೊಗಲಿನಂತಾಗಿತ್ತು.

ಆಪರೇಶನ್ ಕೋಣೆ ಚಿಕ್ಕದು, ಚೊಕ್ಕಟವಾಗಿತ್ತು. ಕೆಳಗೆ ನಮ್ಮ ಶಹಾಬಾದಿನ ಪರ್ಶಿ, ನಡುವೆ ಮರದ ಎತ್ತರದ ಮೇಜು, ಅದರ ಮೇಲೆ ಕರಿಯ ಮೇಣದ ಬಟ್ಟೆ. ಕ್ಲೋರೋಫಾರ್ಮ್ ಕೊಡುವವನು ರೋಗಿಯ ತಲೆಯ ಹಿಂದೆ ನಿಲ್ಲುತ್ತಾನೆ. ಮಲಗಿದವನಿಗೆ ಅವನು ಕಾಣುತ್ತಾನೋ ಇಲ್ಲವೋ ಎಂಬುದು ನನಗೆ ಬೇಕಾಗಿತ್ತು. ನಾನು ಮೇಜನ್ನು ನೋಡುತ್ತ ನಿಂತದ್ದು ಕಂಡು ಡಾಕ್ಟರರೇ ನಕ್ಕರು:

“ಮಲ್ಕೊಂಡು ನೋಡ್ತೀರೇನ್ರಿ ವಕೀಲ ಸಾಹೇಬ್ರ? ನಿಮ್ಮ ಸುದ್ದಿ ಕೇಳೀನಿ.”

“ಮಲಗ್ಲಿ ಬಿಡ್ರಿ,” ಎಂದರು ಕುಲಕರ್ಣಿ. “ಆದರ ಕತ್ತರಿ ಗಿತ್ತರಿ ಎಲ್ಲಾ ಮ್ಯಾಲ ಎತ್ತಿಡ್ರಿ. ಆಮ್ಯಾಲ ನನ್ನ ಮ್ಯಾಲೂ ಒಂದು ಕೇಸು ಹಾಕ್ತಾರ.”

ಕೋಟು ಬಿಚ್ಚಿಟ್ಟು ಮಲಗಿದೆ. ತಲೆಯ ಹಿಂದಿನದು ಕಾಣಲಿಲ್ಲ, ಮಾಳಿಗೆಯ ತೊಲೆ ಮಾತ್ರ ಕಾಣುತ್ತಿತ್ತು. ಇಷ್ಟು ತಿಳಿದ ಮೇಲೆ ಎದ್ದುಬಿಡಬಹುದಾಗಿತ್ತು. ಆದರೆ ರೋಗಿಯ ಮುಖದ ಮೇಲೆ ಕ್ಲೋರೋಫಾರ್ಮ್ ಹನಿಸುವ ಜಾಳಿಗೆ ಇಟ್ಟಾಗ ಅವನು ಕಣ್ಣು ಮುಚ್ಚಿರುತ್ತಾನಲ್ಲ ಎಂದು ನಾನೂ ಕಣ್ಣು ಮುಚ್ಚಿದೆ.

ಆಗ ನನ್ನ ಬಾಯಲ್ಲಿ ರುಚಿ ಬಂತು. ಬೇರೆ ಹೇಗೆ ಹೇಳಬೇಕೋ ತಿಳಿಯದು. ಮೊದಲು ಬಾಳೆಹಣ್ಣು. ಮಾಗಿದ, ಮೆತ್ತಗಿನ ಬಾಳೆಹಣ್ಣು, ಅದರ ಜೊತೆ ಹಲ್ಲಿಗೆ ಸಿಕ್ಕುವ ಸಕ್ಕರೆಯ ಹರಳು. ಅವೆರಡರ ಹಿಂದೆ ಹಾಲು, ತಳ ಹತ್ತಿದ ಹಾಲು. ಆ ಕಮಟು ಮೂಗಿಗೆ ಏರಿತು. ಒಣಗಿದ್ದ ಬಾಯಿ ತುಂಬ ನೀರೊಡೆಯಿತು, ನಾನು ಅದನ್ನು ನುಂಗಿಬಿಟ್ಟೆ. ನುಂಗಿದ ಕೂಡಲೇ ರೋಜಾ ನೆನಪಾಗಿ ದಿಗಿಲುಬಿದ್ದು ಎದ್ದು ಕುಳಿತೆ.

ಡಾಕ್ಟರರು ಓಡಿಬಂದು ನನ್ನ ಮುಂಗೈ ಹಿಡಿದರು. “ಏನಾಯ್ತ್ರಿ? ಬೆವತೀರಿ.”

“ಎಲ್ಲೋ ಹಾಲು ಹತ್ತಾಕತ್ತದಲ್ರಿ?” ಎಂದೆ.

ಕುಲಕರ್ಣಿಯವರು ಮೂಗು ಮೇಲೆತ್ತಿ ನೋಡಿದರು. “ಫಿನೈಲ್ ನಾತ ಬಿಟ್ರ ನನಗೇನೂ ಬರವಲ್ದು.”

ನಾನು ಬಿಡಲಿಲ್ಲ. ಕೋಣೆಯ ಹಿಂದಿನ ಬಾಗಿಲು ತೆಗೆಸಿ ಹೊರಗೆ ಹೋದೆ. ಅಲ್ಲಿ ರೋಗಿಗಳ ಮನೆಯವರು ಅಡುಗೆ ಮಾಡಿಕೊಳ್ಳುವ ತಗಡಿನ ಚಪ್ಪರ ಇತ್ತು. ಆ ದಿನ ದವಾಖಾನೆಯಲ್ಲಿ ಒಳರೋಗಿಗಳೇ ಇರಲಿಲ್ಲ. ಒಲೆಯ ಬೂದಿಯಲ್ಲಿ ಕೈಯಿಟ್ಟು ನೋಡಿದೆ, ತಣ್ಣಗಿತ್ತು. ಸುತ್ತಮುತ್ತ ಮನೆಗಳಿಲ್ಲ, ಆಚೆಗೆ ರೈಲಿನ ಹಳಿ. ಡಾಕ್ಟರರು ನನ್ನ ಹಿಂದೆಯೇ ಬಂದು, ರೋಜಾದಲ್ಲಿ ಪಿತ್ತ ಏರಿದರೆ ಬಾಯಿ ಏನೇನೋ ಆಗುತ್ತದೆ ಎಂದು ಸಮಾಧಾನ ಹೇಳಿದರು. ಪಿತ್ತಕ್ಕೆ ಬಾಳೆಹಣ್ಣಿನ ರುಚಿ ಇರುವುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಹಸಿದವನ ಭ್ರಮೆ ಎನ್ನೋಣವೆಂದರೆ, ಹಾಲೆಂದರೆ ಚಿಕ್ಕಂದಿನಿಂದ ನನಗಾಗದು. ನನ್ನ ಹಸಿವು ಎಂದೂ ಹಾಲಿನ ಕಡೆ ಹೋದದ್ದಿಲ್ಲ.

ಚಿತ್ತಾಪುರದ ರೈಲಿನಲ್ಲಿಯೂ ಆ ರುಚಿ ಹೋಗಲಿಲ್ಲ. ಸಂಜೆ ಮನೆಯಲ್ಲಿ ಅಮ್ಮ ಕೊಟ್ಟ ಖರ್ಜೂರ ಕಚ್ಚಿದ ಮೇಲಷ್ಟೆ ಬಾಯಿ ನನ್ನದಾಯಿತು. ಊಟವಾದ ಮೇಲೆ ಮೊಕದ್ದಮೆಯ ಕಾಗದಗಳನ್ನೆಲ್ಲ ತಿರುವಿ ಹಾಕಿದೆ. ಎಲ್ಲೋ ಓದಿ ಮರೆತದ್ದು ಹೀಗೆ ತಲೆ ಎತ್ತಿರಬಹುದೆಂಬ ಅನುಮಾನ. ಡಾಕ್ಟರರ ಹೇಳಿಕೆಯಲ್ಲಿ ‘ತಿಂದದ್ದು ಹೊರಬಂತು’ ಎಂದಷ್ಟೇ ಇತ್ತು. ಏನು ತಿಂದದ್ದು ಎಂಬುದು ಎಲ್ಲಿಯೂ ಇರಲಿಲ್ಲ. ಹಾಲು, ಹಣ್ಣು ಎಂಬ ಮಾತೇ ಇರಲಿಲ್ಲ.

ಆ ವಾರವೇ ಈರಮ್ಮ, ಅವಳಣ್ಣ ಸುಲೇಪೇಟೆಯಿಂದ ಬಂದರು. ಅವಳು ಕುಳಿತು ನೀರು ಕುಡಿಯುವವರೆಗೂ ತಡೆದುಕೊಂಡೆ. ಆಮೇಲೆ ಕೇಳಿದೆ:

“ತಂಗಿ, ಆಪರೇಶನ್ ದಿನ ಮುಂಜಾನೆ ಹಾಲು ಕಾಸಿದ್ಯೇನು?”

“ಕಾಸಿದ್ದೆರಿ. ಪೂಜಿಗಿ.”

“ಆ ಹಾಲು ತಳ ಹತ್ತಿತ್ತೇನು?”

ಅವಳ ಕೈಯಲ್ಲಿದ್ದ ಗ್ಲಾಸು ನಿಂತುಬಿಟ್ಟಿತು. ಅಣ್ಣನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅದು ಯಾರಿಗೂ ಗೊತ್ತಿಲ್ರಿ ಸಾಬ್ರ. ಇವನಿಗೂ ಹೇಳಿಲ್ಲ ನಾ. ನಿಮಗ ಯಾರು ಹೇಳಿದ್ರು?”

ಮೊದಲು ನೀನು ಹೇಳು, ಆಮೇಲೆ ನಾನು ಹೇಳುತ್ತೇನೆ ಎಂದೆ. ಅವಳು ಹೇಳಿದ್ದು ಇಷ್ಟು. ಶರಣಪ್ಪ ಲಿಂಗಪೂಜೆ ಮಾಡದೆ ಎಂದೂ ಮನೆಯಿಂದ ಹೊರಗೆ ಕಾಲಿಟ್ಟವನಲ್ಲ. ಆ ದಿನ ನಸುಕಿನಲ್ಲಿ ದವಾಖಾನೆಯ ಬಾವಿಯ ಹತ್ತಿರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತ. ಇವಳು ಆ ತಗಡಿನ ಚಪ್ಪರದಲ್ಲಿ ಹಸಿ ಕಟ್ಟಿಗೆ ಊದಿ ಊದಿ ಹಾಲು ಕಾಸಿದಳು. ನೀರು ತರಲು ಹೋಗಿ ಬರುವಷ್ಟರಲ್ಲಿ ಹಾಲು ತಳ ಹತ್ತಿತ್ತು. ಬೇರೆ ಹಾಲು ಎಲ್ಲಿಂದ ತರಬೇಕು? ಅದರಲ್ಲೇ ಬಾಳೆಹಣ್ಣು ಕಿವುಚಿ ಸಕ್ಕರೆ ಹಾಕಿ ನೈವೇದ್ಯಕ್ಕೆ ಇಟ್ಟಳು. ಹತ್ತಿದ ಹಾಲನ್ನು ದೇವರಿಗೆ ಇಟ್ಟೆನೆಂಬ ನಾಚಿಕೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ. ಪೂಜೆ ಮುಗಿದ ಮೇಲೆ ಅವನು ಅದನ್ನು ಪ್ರಸಾದವೆಂದು ತೆಗೆದುಕೊಂಡು ಎದ್ದ. ಅದಾಗಿ ಸ್ವಲ್ಪ ಹೊತ್ತಿಗೆ ಒಳಗೆ ಕರೆದರು.

“ಇದನ್ನ ಮೊದಲ ಯಾಕ ಹೇಳ್ಲಿಲ್ಲ ತಂಗಿ?”

“ನೀವು ಉಣಿಸಿದ್ಯೇನಂತ ಕೇಳಿದ್ರಿ. ಡಾಕ್ಟರೂ ಊಟ ಮಾಡೀರೇನಂತ ಅವರಿಗಿ ಕೇಳಿದ್ರು, ಅವರು ಇಲ್ಲಂದ್ರು. ಪ್ರಸಾದ ಊಟ ಅಲ್ಲಲ್ರಿ.” ಅವಳ ದನಿಯಲ್ಲಿ ಮುಚ್ಚುಮರೆ ಏನೂ ಇರಲಿಲ್ಲ, ಆಶ್ಚರ್ಯವಿತ್ತು. ಇಷ್ಟು ಓದಿದವರಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬ ಆಶ್ಚರ್ಯ.

ಗಂಡನೂ ಸುಳ್ಳು ಹೇಳಿರಲಿಲ್ಲ, ಹೆಂಡತಿಯೂ ಹೇಳಿರಲಿಲ್ಲ, ಡಾಕ್ಟರರೂ ಹೇಳಿರಲಿಲ್ಲ. ಮೂವರೂ ನಿಜವನ್ನೇ ಹೇಳಿ, ನಡುವೆ ಒಬ್ಬನ ಪ್ರಾಣ ಹೋಗಿತ್ತು. ನಾನು ಇಷ್ಟು ವರ್ಷದಲ್ಲಿ ಇಂಥ ಮೊಕದ್ದಮೆ ನೋಡಿರಲಿಲ್ಲ.

ಆದರೆ ಈ ನಿಜವನ್ನು ಕೋರ್ಟಿಗೆ ಒಯ್ಯುವುದು ಸಣ್ಣ ಮಾತಾಗಿರಲಿಲ್ಲ. ಹೊಟ್ಟೆಯಲ್ಲಿ ಏನೋ ಇತ್ತೆಂದು ನಾವೇ ಒಪ್ಪಿದ ಹಾಗೆ. ಅದನ್ನು ಕಲಸಿ ಇಟ್ಟವಳು ಹೆಂಡತಿಯೇ ಎಂದು ಕುಲಕರ್ಣಿಯವರು ಎದ್ದು ನಿಂತರೆ ಮುಗಿಯಿತು, ಮಗುವಿನ ಆಸೆ ಬಿಡಬೇಕು. ಸುಮ್ಮನಿದ್ದು ಕ್ಲೋರೋಫಾರ್ಮಿನ ವಾದವನ್ನೇ ಹಿಡಿದರೆ ಗೆದ್ದರೂ ಗೆಲ್ಲಬಹುದು. ಎರಡನ್ನೂ ಅವಳಿಗೆ ಬಿಡಿಸಿ ಹೇಳಿದೆ. ಅಣ್ಣ, ಸುಮ್ನಿರೋದೇ ಚಲೋ ಎಂದ. ಅವಳು ಅಣ್ಣನ ಕಡೆ ತಿರುಗದೆ ನನಗೇ ಹೇಳಿದಳು:

“ಖರೇ ಇದ್ದದ್ದೇ ಹೇಳ್ರಿ. ನನ್ನ ಮಗಳು ನಾಳಿ ದೊಡ್ಡಾಕಿ ಆಗ್ತಾಳ. ಅಕಿ ಕೇಳಿದ್ರ ನಾ ಏನ್ ಹೇಳ್ಲಿ?”

ಆಮೇಲೆ, ನಿಮಗೆ ಯಾರು ಹೇಳಿದರೆಂದು ಮತ್ತೆ ಕೇಳಿದಳು. ಮಾತು ಕೊಟ್ಟಿದ್ದೆನಲ್ಲ, ಮೇಜಿನ ಮೇಲೆ ಮಲಗಿದ್ದು, ಬಾಯಿಗೆ ರುಚಿ ಬಂದದ್ದು ಎಲ್ಲ ಹೇಳಿದೆ. ನಗುತ್ತಾಳೆ, ಇಲ್ಲವೇ ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಏನೋ ಕೇಳಬೇಕೆಂದು ಬಾಯಿ ತೆರೆದು, ಕೇಳದೆ ಹೋದಳು.

ರಮಜಾನ್ ಹಬ್ಬ ಕಳೆದ ಮೇಲೆ ವಿಚಾರಣೆ ಬಂತು. ಮುನ್ಸಿಫರು ಹೈದರಾಬಾದಿನ ಕಡೆಯವರು. ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಬರೆಸುತ್ತಿದ್ದುದು ಉರ್ದುವಿನಲ್ಲಿ. ಬಸಮ್ಮ ಸಾಕ್ಷಿ ಹೇಳಲು ನಿಂತಳು. ಸಣ್ಣ ದೇಹದ ಹೆಂಗಸು, ದೊಡ್ಡ ದನಿ. ಮಗನಿಗೆ ಹೆಂಡತಿಯ ಮಾತೇ ವೇದ, ಅವಳೇ ತಿನ್ನಿಸಿ ಕೊಂದಳು ಎಂದು ಕುಲಕರ್ಣಿಯವರು ಕೇಳುವುದಕ್ಕೂ ಮೊದಲೇ ಹೇಳಿ ಮುಗಿಸಿದಳು. ಈರಮ್ಮ ತಲೆ ತಗ್ಗಿಸಿ ಕುಳಿತಿದ್ದಳು. ಕೂಸು ಅಜ್ಜಿಯ ನೆಂಟರೊಬ್ಬರ ತೊಡೆಯ ಮೇಲಿತ್ತು. ತಾಯಿಯ ಕಡೆ ನೋಡುತ್ತಿತ್ತು, ಗುರುತು ಸಿಕ್ಕಿತ್ತೋ ಇಲ್ಲವೋ.

ನಾನು ಎದ್ದೆ. ಬೇರೆ ಸಾಕ್ಷಿಯಾಗಿದ್ದರೆ ನನ್ನ ದನಿಯೂ ಏರುತ್ತಿತ್ತು. ಅವತ್ತು ಏರಲಿಲ್ಲ. ಮಗ ಸತ್ತ ತಾಯಿಯನ್ನು ಹೇಗೆ ಕೇಳಬೇಕೋ ಹಾಗೆ ಕೇಳಿದೆ.

“ಅವ್ವಾ, ನಿಮ್ಮ ಮಗ ಪೂಜಿ ಬಿಟ್ಟು ಹೊರಗ ಹೋಗ್ತಿದ್ರೇನು?”

“ಎಂದೂ ಇಲ್ಲ. ನನ್ನ ಹೊಟ್ಟ್ಯಾಗ ಹುಟ್ಟಿದಂವ ಅಂವ.”

“ಆಪರೇಶನ್ ದಿನ ಮಾಡಿದ್ರೋ ಇಲ್ಲೋ ಯಾರಿಗೆ ಗೊತ್ತು?”

“ಯಾಕ ಮಾಡಿರಂಗಿಲ್ಲ? ನಾನೇ ಹೇಳಿ ಕಳಿಸೀನಿ. ಲಿಂಗಪೂಜಿ ಬಿಟ್ಟು ಆ ಮ್ಯಾಜಿನ ಮ್ಯಾಲ ಮಲಗಬ್ಯಾಡಪಾ ಅಂತ ಆಣಿ ಹಾಕಿ ಕಳಿಸೀನಿ.”

“ಪೂಜಿ ಆದ ಮ್ಯಾಲ ಪ್ರಸಾದ ತಗೊಳ್ಳಾರದೆ ಏಳ್ತಾರೇನವ್ವಾ?”

“ಪ್ರಸಾದ ತಗೊಳ್ಳಾರದೆ ಹ್ಯಾಂಗ ಏಳ್ತಾರ...” ಎಂದವಳು ನಿಂತಳು. ಬಾಯಿ ತೆರೆದೇ ಇತ್ತು. ಬಲಗೈ ತಾನಾಗಿಯೇ ಕೊರಳಲ್ಲಿದ್ದ ಲಿಂಗವನ್ನು ಹುಡುಕಿ ಹಿಡಿಯಿತು. ಅವಳು ಹಾಗೇ ಕುಸಿದು ಪರ್ಶಿಯ ಮೇಲೆ ಕುಳಿತಳು.

“ಅದು ಊಟ ಅಲ್ರಿ ಸಾಬ್ರ,” ಎಂದಳು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ.

“ಅಲ್ಲವ್ವಾ. ನಿಮ್ಮ ಸೊಸಿನೂ ಅದನ್ನೇ ಹೇಳಾಕತ್ತಾಳ.”

ಮುನ್ಸಿಫರು ಪ್ರಸಾದವೆಂದರೇನೆಂದು ನನ್ನನ್ನು ಕೇಳಿದರು. ದರ್ಗಾದ ಉರುಸಿನಲ್ಲಿ ಹಂಚುವ ತಬರ್ರುಕ್ ತಿಂದು ಬಂದ ನಾವು ಮನೆಯಲ್ಲಿ ಊಟವಾಯಿತೇ ಎಂದು ಕೇಳಿದರೆ ಇಲ್ಲವೆನ್ನುತ್ತೇವಲ್ಲ ಹುಜೂರ್, ಹಾಗೆ, ಎಂದೆ. ಅವರು ಪೆನ್ನು ಕೆಳಗಿಟ್ಟರು. ಕುಲಕರ್ಣಿಯವರು ಏಳಬಹುದಾಗಿತ್ತು, ಏಳಲಿಲ್ಲ. ಎದ್ದವರು ಡಾಕ್ಟರರು. ‘ಈ ಜನರ ನಡುವೆಯೇ ಇದ್ದೇನೆ, ದಿನಾ ಲಿಂಗ ಕಟ್ಟಿದ ಮೈಗಳನ್ನು ಮುಟ್ಟುತ್ತೇನೆ, ಆದರೂ ಈ ಪ್ರಶ್ನೆ ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಕೇಳದೆ ಹೋದದ್ದು ನನ್ನ ತಪ್ಪು. ಆ ಹೆಣ್ಣುಮಗಳ ಮೇಲೆ ಹೊರಿಸಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ’ ಎಂದು ಕೈಮುಗಿದರು. ನಾನು ಆ ಮನುಷ್ಯನ ಬಗ್ಗೆ ಎಣಿಸಿದ್ದಕ್ಕಿಂತ ಅವರು ದೊಡ್ಡವರಾಗಿದ್ದರು. ಈರಮ್ಮ ಅಲ್ಲಿಗೇ ದಾವೆ ಸಾಕೆಂದಳು. ಬಸಮ್ಮ ಕೂಸನ್ನು ಎತ್ತಿ ತಂದು ಸೊಸೆಯ ಮಡಿಲಿಗೆ ಹಾಕಿದಳು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದನ್ನು ನೋಡಲಾರದೆ ನಾನು ಹೊರಗೆ ಬಂದೆ. ವಾಡಿಯ ಆ ದವಾಖಾನೆಯಲ್ಲಿ ಆಮೇಲೆ ಆಪರೇಶನ್ನಿಗೆ ಬಂದವರನ್ನೆಲ್ಲ, ಪೂಜಿ ಆಗೇದೇನು, ಪ್ರಸಾದ ತಗೊಂಡೀರೇನು, ಉರುಸಿಗೆ ಹೋಗಿದ್ರೇನು ಎಂದು ಕೇಳುತ್ತಿದ್ದರಂತೆ.

ಮೊಕದ್ದಮೆ ಮುಗಿದಿತ್ತಾದರೂ ನನ್ನ ಪೇಚು ಮುಗಿದಿರಲಿಲ್ಲ. ಆ ದಿನದ ನನ್ನ ರೋಜಾ ಉಳಿಯಿತೇ, ಮುರಿಯಿತೇ? ನಮ್ಮ ಓಣಿಯ ಹಿರಿಯ ಮೌಲ್ವಿ ಸಾಹೇಬರನ್ನು ಕೇಳಿದೆ. ತಿಂದಿಯೇನು ಎಂದರು. ಇಲ್ಲ ಎಂದೆ. ಬಾಯಲ್ಲಿ ಏನಾದರೂ ಇತ್ತೇ? ಇಲ್ಲ. ನುಂಗಿದ್ದು ನಿನ್ನ ಉಗುಳನ್ನೇ ಅಲ್ಲವೇ, ಅದರಿಂದ ರೋಜಾ ಮುರಿಯುವುದಿಲ್ಲ ಎಂದರು. ರುಚಿ ಇತ್ತಲ್ಲ ಎಂದೆ. ಆಗ ನಡೆದದ್ದನ್ನೆಲ್ಲ ಹೇಳಿಸಿಕೊಂಡು, ಗಡ್ಡ ನೀವಿಕೊಂಡರು. ರುಚಿ ನಿನ್ನದಾಗಿದ್ದರೆ ನಾನು ಹೇಳಬಲ್ಲೆ, ಬೇರೆಯವರದಾಗಿದ್ದರೆ ನನ್ನ ಕಿತಾಬುಗಳಲ್ಲಿ ಅದಕ್ಕೆ ಜವಾಬಿಲ್ಲ ಎಂದರು. ಮರುದಿನ ನಾನು ಅದರ ಬದಲಿಗೆ ಒಂದು ರೋಜಾ ಹಿಡಿದೆ. ಅಮ್ಮ ಯಾಕೆಂದು ಕೇಳಿದರೆ ಒಂದು ಬಾಕಿ ಇತ್ತು ಎಂದೆ. ಯಾರ ಬಾಕಿಯೆಂಬುದು ನನಗೂ ಗೊತ್ತಿರಲಿಲ್ಲ.

ಶ್ರಾವಣದಲ್ಲಿ ಈರಮ್ಮ ಮಗಳನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಆಡಕಿಯಲ್ಲೇ ಅತ್ತೆಯ ಜೊತೆ ಇದ್ದಳು. ಅಮ್ಮ ಕೂಸನ್ನು ಒಳಗೆ ಕರೆದೊಯ್ದರು. ಈರಮ್ಮ ಪಡಸಾಲೆಯಲ್ಲಿ ಕುಳಿತು, ಆ ದಿನ ಬಾಗಿಲಲ್ಲಿ ನಿಂತು ಕೇಳದೆ ಹೋದದ್ದನ್ನು ಕೇಳಿದಳು.

“ಸಾಬ್ರ, ಹಾಲು ಹತ್ತಿತ್ತಂತ ನಾ ಒಂದು ಮುಟಗಿ ಸಕ್ಕರಿ ಹೆಚ್ಚಿಗಿ ಹಾಕಿದ್ದೆ. ಅವರು ಏನೂ ಅನ್ಲಿಲ್ಲ. ಸುಮ್ಮ ತಗೊಂಡು ಎದ್ದು ಒಳಗ ಹೋದ್ರು. ಕಡೀ ಪ್ರಸಾದ ಅವರಿಗಿ ಕಹಿ ಹತ್ತಿತೇನೋ ಅಂತ ನನಗ ನಿದ್ದಿ ಬರವಲ್ದು. ನಿಮಗ ಗೊತ್ತದಲ್ರಿ. ಸಿಹಿ ಇತ್ತೇನ್ರಿ?”

ಊರಿನವರನ್ನೆಲ್ಲ ಸಾಕ್ಷಿಕಟ್ಟೆ ಹತ್ತಿಸಿದವನು ನಾನು. ಆ ಪ್ರಶ್ನೆಯ ಮುಂದೆ ನಾನೇ ಸಾಕ್ಷಿಯಾಗಿ ನಿಂತೆ. ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಅವಳಿಗೆ ಹಿತವಾಗಲೆಂದು ಏನನ್ನೂ ಸೇರಿಸಲಿಲ್ಲ, ಏನನ್ನೂ ಬಿಡಲಿಲ್ಲ.

“ಹತ್ತಿದ್ದು ಗೊತ್ತಾಗ್ತಿತ್ತು ತಂಗಿ,” ಎಂದೆ. “ಆದರ ಭಾಳ ಸಿಹಿ ಇತ್ತು.”

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು, ಸಾಕ್ರಿ ಸಾಬ್ರ, ಇಷ್ಟೇ ಬೇಕಾಗಿತ್ತು ಎಂದಳು. ಅಮ್ಮ ಕೊಟ್ಟ ಶರಬತ್ತು ಕುಡಿದು, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಸೇಡಂ ಬಸ್ಸಿಗೆ ಹೋದಳು.

ಅದು ನನಗೆ ಹೇಗೆ ಗೊತ್ತಾಯಿತೆಂದು ಕೇಳಿದರೆ ಇಷ್ಟು ವರ್ಷದ ಮೇಲೂ ನನ್ನ ಹತ್ತಿರ ಉತ್ತರವಿಲ್ಲ. ಕುಲಕರ್ಣಿಯವರು ಪಾಟಿಸವಾಲಿಗೆ ನಿಂತಿದ್ದರೆ ಮೊದಲ ಪ್ರಶ್ನೆಗೇ ನಾನು ಬೀಳುತ್ತಿದ್ದೆ. ಆದರೆ ಸಿಹಿ ಇತ್ತೆಂಬುದನ್ನು ಮಾತ್ರ ಯಾವ ಕೋರ್ಟಿನಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ.